ನೊಗವೋ, ದಡವೋ

ನಮ್ಮ ನಿಘಂಟು ಕಚೇರಿ ಇದ್ದದ್ದು ಟೈರ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗ ಮೂಗಿಗೆ ರಬ್ಬರಿನ ವಾಸನೆ, ಬಾಗಿಲು ದಾಟಿದರೆ ಹಳೆಯ ಕಾಗದದ ವಾಸನೆ. ನಾನು ಅಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದೆ. ನನ್ನೆದುರಿನ ಮೇಜು ಸೂಜಕ್ಕನದು. ಪದಗಳ ಮೂಲ ಹುಡುಕಿ ಬರೆಯುವುದು ಅವಳ ಕೆಲಸ. ಯಾರು ಏನೇ ಬರೆದು ತಂದರೂ ಅದರಲ್ಲೊಂದು ತೂತು ಕಂಡುಹಿಡಿಯದೆ ಬಿಡುವವಳಲ್ಲವಾದ್ದರಿಂದ ಪ್ರಧಾನ ಸಂಪಾದಕರೇ ಅವಳಿಗೆ ಆ ಹೆಸರಿಟ್ಟಿದ್ದರು. ಸಂಪಾದಕರನ್ನು ನಾವು ‘ದೊಡ್ಡವರು’ ಅನ್ನುತ್ತಿದ್ದೆವು. ಸೂಜಕ್ಕನಿಗೆ ಮದುವೆಯಾಗಿರಲಿಲ್ಲ. ಅವಳಮ್ಮ ಆ ಮಾತು ಎತ್ತಿದಾಗಲೆಲ್ಲ ‘ಈ ಸಂಪುಟ ಒಂದು ಮುಗೀಲಿ’ ಅನ್ನುತ್ತಿದ್ದಳಂತೆ. ನಮ್ಮ ಸಂಪುಟಗಳು ಮುಗಿಯುವ ಜಾತಿಯವಲ್ಲ ಎಂದು ಅಮ್ಮನಿಗೆ ತಿಳಿಯುವಷ್ಟರಲ್ಲಿ ಮಗಳ ತಲೆ ನರೆತಿತ್ತು.

ಸೂಜಕ್ಕ ತಲೂನರವಳು. ತಲೂನರು ಅಂದರೆ ನಮ್ಮ ಸೀಮೆಯ ಅತಿ ಹಳೆಯ ಜನ. ಎಷ್ಟು ಹಳಬರೆಂದರೆ, ತಮಗೆ ಆ ಹೆಸರು ಎಲ್ಲಿಂದ ಬಂತೆಂದು ಅವರಿಗೇ ಮರೆತುಹೋಗಿತ್ತು. ನದಿಯಾಚೆಯ ಗುಡ್ಡದಲ್ಲಿ ಅವರದೊಂದು ಊರು ಉಳಿದಿತ್ತು. ಮಿಕ್ಕವರು ತಲೆಮಾರುಗಳ ಹಿಂದೆಯೇ ಕೆಳಗಿಳಿದು ಪಟ್ಟಣ ಸೇರಿದ್ದರು. ಪಟ್ಟಣದಲ್ಲಿ ಆ ಹೆಸರು ಬೈಗುಳವಾಗಿತ್ತು. ಮೂಟೆ ಹೊರುವವನು ಯಾರೇ ಆಗಿರಲಿ, ‘ಏ ತಲೂನಾ’ ಎಂದು ಕೂಗುವುದು ರೂಢಿ. ಸೂಜಕ್ಕನ ಅಪ್ಪ ಧಾನ್ಯದ ಮಾರುಕಟ್ಟೆಯಲ್ಲಿ ಹಮಾಲಿ. ಅವನು ತಲೂನನೂ ಹೌದು, ಮೂಟೆ ಹೊರುವವನೂ ಹೌದು; ತನ್ನನ್ನು ಕರೆಯುತ್ತಿರುವುದು ಹೆಸರು ಹಿಡಿದೋ ಬೈದೋ ಎಂದು ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಕೆಡಿಸಿಕೊಂಡವರು ಮಕ್ಕಳು. ಮಗ ಆ ಮಾತಾಡಿದವನ ಹಲ್ಲು ಮುರಿದು ಶಾಲೆ ಬಿಟ್ಟ. ಮಗಳು ಹಲ್ಲು ಕಚ್ಚಿ ಓದಿದಳು.

ಆ ಅಣ್ಣ ಮುಂದೆ ಬಾಡಿಗೆ ವ್ಯಾನು ಓಡಿಸಿ ನಾಲ್ಕು ಜನರಿಗೆ ಬೇಕಾದವನಾದ, ತಲೂನರ ಸಂಘಕ್ಕೆ ಕಾರ್ಯದರ್ಶಿಯಾದ. ದೊಡ್ಡ ದನಿ, ಅದಕ್ಕಿಂತ ದೊಡ್ಡ ನಗು. ಕಚೇರಿಗೆ ಬಂದರೆ ನಮಗೆಲ್ಲ ಚಹಾ ತರಿಸದೆ ಹೋಗುತ್ತಿರಲಿಲ್ಲ. ತಂಗಿಯ ಮೇಜಿನ ಮೇಲಿನ ಪುಸ್ತಕದ ರಾಶಿ ನೋಡಿ, ‘ಅಪ್ಪ ಹೊತ್ತ ಮೂಟೆ ಇದಕ್ಕಿಂತ ಹಗುರ ಇತ್ತು ನೋಡ್ರಪ್ಪ’ ಅನ್ನುತ್ತಿದ್ದ.

ಆ ನಗು ನಿಂತದ್ದು ಗುಡ್ಡದ ಮೊಕದ್ದಮೆ ಶುರುವಾದ ಮೇಲೆ. ಕಲ್ಲುಗಣಿ ಕಂಪನಿಯೊಂದು ಗುಡ್ಡವನ್ನು ಕೇಳಿತ್ತು. ಮೇಲಿನ ಊರಿನವರ ಬಳಿ ಜಮೀನಿನ ಪಟ್ಟಾ ಇಲ್ಲ, ಪತ್ರವಿಲ್ಲ. ಇವರು ಮೂಲದಿಂದ ಇಲ್ಲಿಯವರೇ ಅಲ್ಲ, ಯಾವುದೋ ಕಾಲದಲ್ಲಿ ಬೇರೆ ಕಡೆಯಿಂದ ಹಿಡಿದು ತಂದ ಜೀತದಾಳುಗಳು ಎಂದು ಕಂಪನಿಯ ವಕೀಲರು ವಾದ ಹೂಡಿದರು. ಅದಕ್ಕೆ ಅವರು ತೋರಿಸಿದ್ದು ನಮ್ಮದೇ ನಿಘಂಟಿನ ಹಳೆಯ ಮುದ್ರಣವನ್ನು. ಅದರಲ್ಲಿ ‘ತಲೂನ: ನೊಗ ಹೊತ್ತವನು, ಜೀತದಾಳು’ ಎಂದಿತ್ತು. ಮುಂದೆ ಸಂದೇಹ ತೋರಿಸುವ ಒಂದು ಪ್ರಶ್ನೆಚಿಹ್ನೆಯೂ ಇರಲಿಲ್ಲ. ಸಂಘದವರು ಬೇರೆಯೇ ಹೇಳಿದರು. ಹಳೆಯ ಭಾಷೆಯಲ್ಲಿ ‘ತಲು’ ಎಂದರೆ ಬಂಡೆ, ತಲೂನರು ಎಂದರೆ ಬಂಡೆಯ ಜನ, ಹೆಸರಲ್ಲೇ ಗುಡ್ಡ ಇರುವಾಗ ಬೇರೆ ಸಾಕ್ಷಿ ಯಾಕೆ ಎಂಬುದು ಅವರ ಪಟ್ಟು.

ಸರಿಯಾಗಿ ಅದೇ ಹೊತ್ತಿಗೆ ನಮ್ಮ ಹೊಸ ಮುದ್ರಣದಲ್ಲಿ ತಕಾರದ ಸರದಿ ಬಂತು.

ದೊಡ್ಡವರು ಆ ಪದವನ್ನು ಬೇರೆಯವರಿಗೆ ಕೊಡಲು ನೋಡಿದರು. ಸೂಜಕ್ಕ ತಾನೇ ಕೇಳಿ ತೆಗೆದುಕೊಂಡಳು. ವಿಷಯ ತಿಳಿದ ಅಣ್ಣ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದ. ‘ನಮ್ಮೋಳ ಕೈಗೇ ಬಂತಲ್ಲ, ಇನ್ನೇನು ಬೇಕು’ ಎಂದು ಎಲ್ಲರೆದುರು ಅವಳ ಬೆನ್ನು ತಟ್ಟಿದ. ಅವಳು ಬೆರಳಲ್ಲಿ ಪೆನ್ಸಿಲನ್ನು ತಿರುಗಿಸುತ್ತಾ ಕೂತಳು. 

ಜೀತದಾಳು ಎಂಬ ಅರ್ಥಕ್ಕೆ ಇದ್ದದ್ದು ಒಂದೇ ಆಧಾರ, ವಸ್ತುಸಂಗ್ರಹಾಲಯದ ನೆಲಮಾಳಿಗೆಯಲ್ಲಿದ್ದ ಒಂದು ಕಲ್ಲು. ನದಿಯ ಈಚೆ ಆಳುತ್ತಿದ್ದ ರಾಜನೊಬ್ಬ, ತನಗೆ ಕಪ್ಪ ತಂದ ಜನರ ಹೆಸರುಗಳನ್ನು ಅದರ ಮೇಲೆ ಕೊರೆಸಿದ್ದ. ತಲೂನರೆಂಬ ಹೆಸರಿನ ಪಕ್ಕದಲ್ಲಿ ಇನ್ನೊಂದು ಪದವಿತ್ತು. ಹಿಂದಿನ ಕಾಲದ ವಿದ್ವಾಂಸರೊಬ್ಬರು ಅದನ್ನು ‘ನೊಗದವರು’ ಎಂದು ಓದಿ, ಹೆಸರಿನ ಅರ್ಥವೇ ಅದು ಎಂದು ತೀರ್ಮಾನಿಸಿದ್ದರು. ಆಮೇಲೆ ಬಂದವರೆಲ್ಲ ಕಲ್ಲು ನೋಡದೆ ಅವರನ್ನೇ ನಂಬಿದ್ದರು.

ಸೂಜಕ್ಕ ನನ್ನನ್ನು ಕರೆದುಕೊಂಡು ಕಲ್ಲು ನೋಡಲು ಹೋದಳು. ಚೀಲದಲ್ಲೊಂದು ಮುಖ ನೋಡುವ ಕನ್ನಡಿ ಇತ್ತು. ನೆಲಮಾಳಿಗೆಗೆ ಇದ್ದದ್ದು ಎತ್ತರದಲ್ಲೊಂದು ಕಿಂಡಿ. ನಾನು ಸ್ಟೂಲಿನ ಮೇಲೆ ನಿಂತು ಕಿಂಡಿಯ ಬಿಸಿಲನ್ನು ಕನ್ನಡಿಯಿಂದ ಕಲ್ಲಿನ ಮೇಲೆ ಓರೆಯಾಗಿ ಬೀಳಿಸಬೇಕು, ಅವಳು ಕೆಳಗೆ ಮೊಣಕಾಲೂರಿ ನೋಡಬೇಕು. ಬೆಳಕು ಓರೆಯಾಗಿ ಬಿದ್ದರೆ ಅಳಿಸಿದ ಗೀರೂ ನೆರಳು ಹಿಡಿದು ಎದ್ದು ಕಾಣುತ್ತದೆ. ಹೆಸರಿನ ಪಕ್ಕದ ಆ ಪದದ ಮೊದಲ ಅಕ್ಷರದ ಕೆಳಗೆ ಸಣ್ಣದೊಂದು ಕೊಕ್ಕೆ ಕಂಡಿತು. ಅದು ಉಳಿಯಿಂದ ಕೊರೆದ ಕೊಕ್ಕೆಯಾಗಿದ್ದರೆ ಪದ ‘ನೊಗದವರು’. ಕಲ್ಲೇ ಬಿರಿದ ಬಿರುಕಾಗಿದ್ದರೆ, ಆ ಕೊಕ್ಕೆಯಿಲ್ಲದೆ, ಪದ ‘ಆಚೆ ದಡದವರು’ ಎಂದಾಗುತ್ತಿತ್ತು.

ಬೆಳಿಗ್ಗೆಯ ಬಿಸಿಲಿನಲ್ಲಿ ಅದು ನುಣ್ಣಗೆ, ಉಳಿ ಆಡಿದ ಹಾಗೆ ಕಂಡಿತು. ಮಧ್ಯಾಹ್ನ ಬೆಳಕು ಇನ್ನೊಂದು ಕಡೆಯಿಂದ ಬಂದಾಗ ಅಂಚು ಮುಕ್ಕಾಗಿ, ಬಿರುಕಿನ ಹಾಗೆ ಕಂಡಿತು. ಮರುದಿನ ಹೋದೆವು. ಆ ವಾರವೆಲ್ಲ ಹೋದೆವು. ‘ಬೆಳಿಗ್ಗೆ ನೊಗ, ಮಧ್ಯಾಹ್ನ ದಡ, ಸಂಜೆಗೆ ಇನ್ನೇನಾದ್ರೂ ಆಗುತ್ತಾ ನೋಡಿ’ ಎಂದು ಅಲ್ಲಿಯ ಕಾವಲುಗಾರ ತಮಾಷೆ ಮಾಡಿದ. ಸೂಜಕ್ಕ ನಗಲಿಲ್ಲ. ಗುಡ್ಡ ಇದ್ದದ್ದು ನದಿಯ ಆಚೆ ದಡದಲ್ಲಿ. ಅದು ಬಿರುಕೆಂದಾದರೆ, ರಾಜನ ಕಾಲಕ್ಕೇ ತಲೂನರು ಆಚೆ ದಡದವರೆಂದು ಕಲ್ಲೇ ಹೇಳಿದಂತಾಗುತ್ತಿತ್ತು. ಮೊಕದ್ದಮೆ ಅಲ್ಲಿಗೆ ಮುಗಿಯುತ್ತಿತ್ತು. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಮೆಟ್ಟಿಲು ಹತ್ತಿ ಹೊರಗೆ ಬಂದಾಗ, ಯಾರಿಗೂ ಏನೂ ಹೇಳಬೇಡ ಎಂದಷ್ಟೇ ಹೇಳಿದಳು.

ಆಮೇಲೆ ಗುಡ್ಡದ ಊರಿಗೆ ಹೋದೆವು, ‘ತಲು’ ಎಂದರೆ ಬಂಡೆ ಹೌದೋ ಅಲ್ಲವೋ ಎಂದು ಕೇಳಲು. ಹಳೆಯ ಭಾಷೆ ಆಡುವವರು ಅಲ್ಲಿ ಬೆರಳೆಣಿಕೆಯಷ್ಟು ಮಂದಿ ಉಳಿದಿದ್ದರು. ಒಬ್ಬ ಅಜ್ಜಿ ಮನೆಯ ಮುಂದೆ ಕಾಲು ಚಾಚಿ ಕೂತಿದ್ದಳು. ಸೂಜಕ್ಕ ಪಕ್ಕದ ಬಂಡೆಯನ್ನು ತೋರಿಸಿ ಅದಕ್ಕೆ ನಿಮ್ಮಲ್ಲಿ ಏನಂತೀರಿ ಎಂದು ಕೇಳಿದಳು. ‘ಗೋರು’ ಎಂದಳು ಅಜ್ಜಿ. ಹಾಗಾದರೆ ‘ತಲು’?

‘ತಲು ಅಂದ್ರೆ ನೊರೆ. ಹಾಲು ಉಕ್ಕಿದಾಗ ಬರಲ್ವಾ, ಅದು.’

ನನಗೆ ನಗು ತಡೆಯಲಾಗಲಿಲ್ಲ. ಸಂಘದ ಭಾಷಣಗಳಲ್ಲಿ ಎದೆ ತಟ್ಟಿಕೊಂಡು ಹೇಳಿದ ಬಂಡೆ ಹಾಲಿನ ನೊರೆಯಾಗಿ ಇಳಿದುಹೋಗಿತ್ತು. ತಲೂನರೆಂಬ ಹೆಸರಿಗೂ ನೊರೆಗೂ ಏನಾದರೂ ಸಂಬಂಧವಿದೆಯೇ ಎಂದರೆ ಅಜ್ಜಿಗೆ ಗೊತ್ತಿಲ್ಲ. ‘ಅದು ನೀವು ಕೆಳಗಿನೋರು ಕರೆಯೋ ಹೆಸರು ಮಗಾ. ನಾವು ನಮ್ಮನ್ನ ಒಂಗೆ ಅಂತೀವಿ.’ ಒಂಗೆ ಎಂದರೆ ‘ನಾವು’ ಎಂದರ್ಥ, ಅಷ್ಟೇ. ಸೂಜಕ್ಕನಿಗೆ ಆ ಪದ ಗೊತ್ತಿರಲಿಲ್ಲ. ಅವಳಪ್ಪ ಅದನ್ನು ಯಾವತ್ತೂ ಆಡಿರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಿದ್ದಳು. ನಿದ್ದೆ ಬಂತೆಂದುಕೊಂಡೆ. ನೋಡಿದರೆ ತುಟಿ ಅಲುಗುತ್ತಿತ್ತು, ಆ ಪದವನ್ನು ಹೇಳಿಕೊಂಡು ನೋಡುತ್ತಿದ್ದಳು.

ಆಗಲೇ ಕಚೇರಿಯ ಎದುರು ಜನ ನಿಲ್ಲತೊಡಗಿದ್ದರು. ಒಂದಿನ ಸಂಘದ ಹುಡುಗರು, ಮತ್ತೊಂದಿನ ನಮಗೆ ಗುರುತಿಲ್ಲದವರು, ಕಂಪನಿಯ ಕಡೆಯವರಿರಬೇಕು, ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಬೈಕಿಗೆ ಒರಗಿ ಮೇಲಿನ ಕಿಟಕಿಯನ್ನೇ ನೋಡುವವರು. ಟೈರ್ ಅಂಗಡಿಯವನು ಮಧ್ಯಾಹ್ನಕ್ಕೇ ಷಟರ್ ಅರ್ಧ ಎಳೆಯತೊಡಗಿದ. ಫೋನ್ ಬಂದರೆ ಎತ್ತಲು ಯಾರಿಗೂ ಮನಸ್ಸಿಲ್ಲ. ಕಂಪನಿಯ ವಕೀಲರು ಖುದ್ದಾಗಿ ಬಂದು ಸೂಜಕ್ಕನ ಮೇಜಿನ ಮುಂದೆ ಕೂತರು. ಬಹಳ ಮೆತ್ತಗಿನ ಮಾತು. ಅವರೇನೂ ಸುಳ್ಳು ಬರೆಯಿರಿ ಅನ್ನಲಿಲ್ಲ. ಇಷ್ಟು ವರ್ಷ ನಿಂತ ಅರ್ಥ ಹಾಗೇ ನಿಲ್ಲಲಿ, ನೀವು ಯಾಕೆ ಸುಮ್ಮನೆ ಮೈಮೇಲೆ ಎಳೆದುಕೊಳ್ಳುತ್ತೀರಿ ಎಂದು ಕೇಳಿ, ಮನೆಯಲ್ಲಿ ಅಮ್ಮ ಒಬ್ಬರೇ ಇರ್ತಾರಂತಲ್ಲ ಎಂದೂ ಸೇರಿಸಿ ಎದ್ದರು. 

ದೊಡ್ಡವರು ಕೆಟ್ಟವರಲ್ಲ, ಆದರೆ ಗಾಬರಿಯ ಮನುಷ್ಯ. ಪದವನ್ನೇ ಬಿಟ್ಟುಬಿಡೋಣ, ಸಂಪುಟದಲ್ಲಿ ಸಾವಿರಾರು ಪದ ಇವೆ, ಒಂದು ಇಲ್ಲದಿದ್ದರೆ ಯಾರಿಗೆ ತಿಳಿಯುತ್ತದೆ ಎಂದರು. ಸೂಜಕ್ಕ ಅವರೆದುರು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ‘ಬಿಟ್ರೆ ಹಳೇದೇ ನಿಲ್ಲುತ್ತೆ ಸರ್. ಲೈಬ್ರರಿ ಲೈಬ್ರರಿಯಲ್ಲೂ ಹಳೇದೇ ಇದೆ. ಅದನ್ನ ಬರೆದಿದ್ದು ನಾವೇ.’ ದೊಡ್ಡವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಕೊನೆಗೆ, ಸರಿ, ಬರೆ ಎಂದರು.

ಅವಳು ಬರೆದದ್ದು ಚಿಕ್ಕದು. ತಲೂನ: ಒಂದು ಪ್ರಾಚೀನ ಜನ, ಹೆಸರಿನ ಮೂಲ ಅನಿಶ್ಚಿತ. ನೊಗ, ಬಂಡೆ, ಆಚೆ ದಡ, ಈ ಮೂರು ಊಹೆಗಳನ್ನೂ ಕೊಟ್ಟು ಒಂದೊಂದರ ಕೊರತೆಯನ್ನೂ ಹೇಳಿದ್ದಳು. ಅವರು ತಮ್ಮನ್ನು ಕರೆದುಕೊಳ್ಳುವುದು ‘ಒಂಗೆ’ ಎಂದು. ಕರಡು ತಿದ್ದಲು ನನ್ನ ಕೈಗೆ ಬಂತು. ತಿದ್ದಲು ಏನೂ ಇರಲಿಲ್ಲ.

ಅಣ್ಣನಿಗೆ ಹೇಗೋ ಸುದ್ದಿ ಮುಟ್ಟಿತು. ಆ ಭಾನುವಾರ ನಾನು ಸೂಜಕ್ಕನ ಮನೆಯಲ್ಲಿದ್ದೆ, ಅವಳಮ್ಮನಿಗೆ ಔಷಧಿ ಕೊಟ್ಟು ಬರಲು ಹೋದವನು. ಒಂದು ಕೋಣೆ, ಒಂದು ಅಡುಗೆಮನೆ, ಗೋಡೆಗೆ ಒರಗಿಸಿದ ಹೊಲಿಗೆ ಯಂತ್ರ. ಅಣ್ಣ ಬಂದವನು ಕೂರಲಿಲ್ಲ. ಚಪ್ಪಲಿಯನ್ನೂ ಬಿಚ್ಚಲಿಲ್ಲ. ಕೂಗಾಡುತ್ತಾನೆಂದುಕೊಂಡಿದ್ದೆ. ಅವನ ದನಿ ಇಳಿದುಹೋಗಿತ್ತು.

‘ಪುಟ್ಟೀ, ಬಂಡೆ ಬೇಡ. ನೊರೆಯಾದ್ರೆ ನೊರೆಯೇ ಆಗ್ಲಿ. ಆ ಕಲ್ಲಿನ ಮೇಲಿರೋದು ಬಿರುಕು ಅಂತ ಹೇಳು, ಸಾಕು.’

ಅವಳು ನನ್ನ ಕಡೆ ನೋಡಿದಳು. ನಾನು ಹೇಳಿರಲಿಲ್ಲ, ಹೇಳಿದ್ದು ವಸ್ತುಸಂಗ್ರಹಾಲಯದ ಆ ಕಾವಲುಗಾರನೆಂದು ಆಮೇಲೆ ತಿಳಿಯಿತು.

‘ಬಿರುಕು ಅಂತ ನನಗೆ ಗೊತ್ತಿಲ್ಲ ಅಣ್ಣ.’

‘ಬಿರುಕು ಅಲ್ಲ ಅಂತ ಗೊತ್ತಾ?’

‘ಅದೂ ಗೊತ್ತಿಲ್ಲ.’

‘ಎರಡೂ ಗೊತ್ತಿಲ್ಲ ಅಂದ್ಮೇಲೆ ನಮ್ಮೋರಿಗೆ ಒಳ್ಳೇದಾಗೋದನ್ನ ಹೇಳೋಕೆ ನಿನಗೇನು ಕಷ್ಟ? ಆ ಅಜ್ಜಿ ಮನೆ ನೋಡಿ ಬಂದಿದ್ದೀಯಲ್ಲ. ಅಲ್ಲಿ ಸಿಡಿಮದ್ದು ಇಡ್ತಾರೆ.’

ಅವಳ ಕಣ್ಣು ತುಂಬಿತು.  ಅಮ್ಮ ಮಂಚದ ಮೇಲಿಂದ ಇಬ್ಬರನ್ನೂ ನೋಡಿದಳು, ಯಾರ ಪಕ್ಷವನ್ನೂ ವಹಿಸಲಿಲ್ಲ. ಅಣ್ಣ ಹೊರಟುಹೋದ ಮೇಲೆ ಸೂಜಕ್ಕ ಯಂತ್ರದ ಮುಂದೆ ಕೂತು, ಬಟ್ಟೆಯಿಲ್ಲದೆ ಸುಮ್ಮನೆ ಚಕ್ರ ತಿರುಗಿಸುತ್ತಿದ್ದಳು. ನಾನು ಎದ್ದು ಬಂದೆ.

ಅವಳನ್ನು ಸಾಕ್ಷಿಗೆ ಕರೆಸಿದ್ದು ಕಂಪನಿಯವರೇ. ಬಂಡೆಯ ಕಥೆ ಸುಳ್ಳೆಂದು ತಲೂನರ ಹೆಣ್ಣಿನ ಬಾಯಲ್ಲೇ ಹೇಳಿಸುವುದು ಅವರ ಲೆಕ್ಕಾಚಾರ. ಕೋರ್ಟಿನ ಕೋಣೆ ಕಿಕ್ಕಿರಿದಿತ್ತು. ಗುಡ್ಡದಿಂದ ಬಂದವರು ಗೋಡೆಗುಂಟ ನಿಂತಿದ್ದರು, ಅಜ್ಜಿಯನ್ನೂ ಎತ್ತಿಕೊಂಡು ಬಂದು ಬೆಂಚಿನ ತುದಿಯಲ್ಲಿ ಕೂರಿಸಿದ್ದರು. ಅಣ್ಣ ಮೊದಲ ಸಾಲಿನಲ್ಲಿ, ಎರಡೂ ಕೈ ಮೊಣಕಾಲ ಮೇಲೆ. ಫ್ಯಾನ್ ತಿರುಗುತ್ತಿದ್ದರೂ ಗಾಳಿ ಇರಲಿಲ್ಲ.

ಕಂಪನಿಯ ವಕೀಲರು ಮೊದಲು ಬಂಡೆಯ ಅರ್ಥಕ್ಕೆ ಆಧಾರವಿದೆಯೇ ಎಂದು ಕೇಳಿದರು. ಇಲ್ಲ ಎಂದಳು. ಹಿಂದೆ ಗುಜುಗುಜು ಎದ್ದಿತು. ಯಾರೋ ‘ಮನೆಮುರುಕಿ’ ಅಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು, ಅವಳಿಗೂ ಕೇಳಿಸಿರಬೇಕು. ಜೀತದಾಳು ಎಂಬ ಅರ್ಥ ನಿಮ್ಮ ನಿಘಂಟಿನಲ್ಲೇ ಇದೆಯಲ್ಲ ಎಂದರು. ಇದೆ ಎಂದಳು. ವಕೀಲರು ಇನ್ನು ಸಾಕೆಂದು ತಿರುಗುತ್ತಿದ್ದರು. ‘ಅದಕ್ಕೂ ಆಧಾರ ಇಲ್ಲ’ ಎಂದಳು ಸೂಜಕ್ಕ.

ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. ವಯಸ್ಸಾದವರು, ಕೆಮ್ಮಿ ಕೆಮ್ಮಿ ಮಾತಾಡುವವರು. ಆ ಕೊಕ್ಕೆಯ ವಿಷಯವನ್ನು ಅವರೇ ಒಂದೊಂದಾಗಿ ಕೇಳಿ ತಿಳಿದುಕೊಂಡರು. ಆಮೇಲೆ ಕೇಳಿದರು:

‘ಇಷ್ಟು ಸಲ ನೋಡಿದ್ದೀರಿ. ನಿಮ್ಮ ಅಭಿಪ್ರಾಯದಲ್ಲಿ ಅದು ಕೊರೆದದ್ದೋ, ಬಿರುಕೋ?’

 ಅಣ್ಣ ಅವಳ ಮುಖ ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದ. ಅವಳು ಕಟಕಟೆಯ ಮರವನ್ನು ಎರಡೂ ಕೈಯಿಂದ ಹಿಡಿದುಕೊಂಡಳು. 

‘ನನ್ನ ಮನಸ್ಸು ಬಿರುಕು ಅನ್ನುತ್ತೆ ಸ್ವಾಮಿ. ಕಣ್ಣಿಗೆ ಎರಡೂ ಕಾಣುತ್ತೆ. ನಾನು ಆ ಜನದವಳು, ಅಲ್ಲಿ ಕೂತಿರೋದು ನನ್ನ ಅಣ್ಣ. ನನ್ನ ಮನಸ್ಸಿನ ಮಾತನ್ನ ನೀವು ಬರ್ಕೋಬೇಡಿ.’

‘ಹಾಗಾದ್ರೆ ಈ ಹೆಸರಿಂದ ನಮಗೆ ತಿಳಿಯೋದು ಏನು?’

‘ಹೆಸರಿನ ಅರ್ಥ ತಿಳಿಯಲ್ಲ. ಅದನ್ನ ಕೊರೆದಾಗ ಆ ಜನ ಇದ್ರು, ಬೇರೆಯವರು ಅವರನ್ನ ಹಾಗೆ ಕರೀತಿದ್ರು. ಅಷ್ಟು ತಿಳಿಯುತ್ತೆ.’

ವಕೀಲರು ಥಟ್ಟನೆ ಎದ್ದು, ಎಲ್ಲಿದ್ದರು ಎಂದು ಕಲ್ಲು ಹೇಳುತ್ತದೆಯೇ ಎಂದರು. ಇಲ್ಲ, ಹೇಳುವುದಿಲ್ಲ ಎಂದು ಅದನ್ನೂ ಒಪ್ಪಿದಳು.

ಹೊರಗೆ ಬಂದಾಗ ಸಂಘದವರು ಅವಳಿಗೆ ದಾರಿ ಬಿಡಲಿಲ್ಲ. ಕೈ ಮಾಡುವುದಕ್ಕೂ ಧೈರ್ಯವಿಲ್ಲ, ಸರಿಯುವುದಕ್ಕೂ ಮನಸ್ಸಿಲ್ಲ, ಸುತ್ತ ನಿಂತುಬಿಟ್ಟರು. ಅವಳಪ್ಪನ ಜೊತೆ ಮೂಟೆ ಹೊತ್ತ ಮುದುಕನೊಬ್ಬ ಮುಂದೆ ಬಂದು ಕೇಳಿದ, ‘ಅಂದ್ರೆ ನಮ್ಮ ಹೆಸರಿಗೆ ಅರ್ಥವೇ ಇಲ್ವೇನಮ್ಮ?’ ಆ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳಿಗೆ ಹೆಚ್ಚು ತಾಗಿತು. ‘ಇರುತ್ತೆ ಕಾಕಾ. ನನಗೆ ಸಿಕ್ಕಲಿಲ್ಲ’ ಎಂದಳು. ಅಣ್ಣ ಗುಂಪಿನ ಹಿಂದಿನಿಂದ, ದಾರಿ ಬಿಡಿ ಎಂದು ಕೂಗಿದ. ಬಿಟ್ಟರು. ಅವನು ಮಾತ್ರ ಅವಳ ಕಡೆ ತಿರುಗದೆ ವ್ಯಾನು ಹತ್ತಿದ.

ಮುಂದೊಂದು ದಿನ ನ್ಯಾಯಾಧೀಶರು ತಾವೇ ನೆಲಮಾಳಿಗೆಗೆ ಇಳಿದು ಬಂದರಂತೆ. ಬೆಳಿಗ್ಗೆ ನೋಡಿ, ಊಟ ಮುಗಿಸಿ ಬಂದು ಮತ್ತೆ ನೋಡಿದರಂತೆ. ತೀರ್ಪಿನಲ್ಲಿ ಹೆಸರನ್ನು ಸಾಕ್ಷಿಯಾಗಿ ಬಳಸಲು ಎರಡೂ ಕಡೆಯವರಿಗೆ ಬಿಡಲಿಲ್ಲ. ಗುಡ್ಡದ ಮೇಲಿನ ಹಳೆಯ ಗೋರಿಗಳನ್ನೂ ಕಲ್ಲು ಜೋಡಿಸಿ ಕಟ್ಟಿದ ಮೆಟ್ಟಿಲು ಹೊಲಗಳನ್ನೂ ಅಳೆಸಿದರು, ಮುದುಕರ ಹೇಳಿಕೆ ಕೇಳಿದರು. ಊರು, ಹೊಲ, ಗೋರಿ ಇದ್ದ ಇಳಿಜಾರು ಅವರಿಗೇ ಉಳಿಯಿತು. ಹಿಂಬದಿಯ ಇಳಿಜಾರು ಕಂಪನಿಗೆ ಹೋಯಿತು. ಈಗ ಅಲ್ಲಿ ಸಿಡಿಮದ್ದು ಹಾರಿಸಿದರೆ ಅಜ್ಜಿಯ ಮನೆಯ ಪಾತ್ರೆಗಳು ಅದುರುತ್ತವೆ. ಸೂಜಕ್ಕ ‘ಬಿರುಕು’ ಎಂದಿದ್ದರೆ ಆ ಇಳಿಜಾರೂ ಉಳಿಯುತ್ತಿತ್ತು ಎನ್ನುವವರು ಇದ್ದಾರೆ. ಹಾಗೆಂದಿದ್ದರೆ ಮೇಲಿನ ಕೋರ್ಟಿನಲ್ಲಿ ಆ ಮಾತು ನಿಲ್ಲದೆ ಇದ್ದದ್ದೂ ಹೋಗುತ್ತಿತ್ತು ಎನ್ನುವವರೂ ಇದ್ದಾರೆ. ನಾನು ಎರಡನ್ನೂ ನಂಬಿ ನೋಡಿದ್ದೇನೆ.

ಸಂಪುಟ ಅಚ್ಚಾಯಿತು. ಸಂಘದವರು ಶಾಲೆಯ ಪಠ್ಯದಿಂದ ‘ಜೀತದಾಳು’ ಎಂಬ ಸಾಲನ್ನು ನಮ್ಮ ನಿಘಂಟು ತೋರಿಸಿ ತೆಗೆಸಿದರು. ಸಂಘದ ಹೊಸ ಕಟ್ಟಡದ ಮೇಲೆ ‘ಬಂಡೆಯ ಜನ’ ಎಂದು ದಪ್ಪ ಅಕ್ಷರದಲ್ಲಿ ಬರೆಸಿಯೇ ಬರೆಸಿದರು. ಮಾರುಕಟ್ಟೆಯಲ್ಲಿ ಮೂಟೆ ಹೊರುವವರನ್ನು ಕರೆಯುವ ರೀತಿ ಬದಲಾಗಲಿಲ್ಲ.

ಅಣ್ಣ ತಂಗಿಯ ಜೊತೆ ಮಾತು ಬಿಟ್ಟ. ಅಮ್ಮನನ್ನು ನೋಡಲು ತಂಗಿ ಕಚೇರಿಯಲ್ಲಿರುವ ಹೊತ್ತು ನೋಡಿ ಬರುತ್ತಿದ್ದ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಎದುರಾದರೆ ರಸ್ತೆಯ ಆ ಬದಿಗೆ ದಾಟುವುದು. ಸೂಜಕ್ಕ ನನ್ನೆದುರು ಅವನನ್ನು ಒಮ್ಮೆಯೂ ದೂರಲಿಲ್ಲ. ರಜೆ ಬಂದಾಗ ಗುಡ್ಡಕ್ಕೆ ಹೋಗಿ ಅಜ್ಜಿಯ ಬಳಿ ಕೂತು ಹಳೆಯ ಭಾಷೆ ಕಲಿಯತೊಡಗಿದಳು. ಉಚ್ಚಾರ ಕೇಳಿ ಅಜ್ಜಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳಂತೆ.

ಅಮ್ಮ ಬಿದ್ದು ಸೊಂಟ ಮುರಿದುಕೊಂಡಾಗ ಇಬ್ಬರೂ ಆಸ್ಪತ್ರೆಯಲ್ಲಿ ಒಂದೇ ಬೆಂಚಿನ ಎರಡು ತುದಿಗೆ ಕೂತರು. ನಾನು ನಡುವೆ ಕೂತೆ. ಅಣ್ಣ, ನನ್ನನ್ನು ಕೇಳಿದ ಹಾಗೆ, ಆ ಕಲ್ಲನ್ನು ಈಗ ಏನೋ ಯಂತ್ರವಿಟ್ಟು ಒಳಗಿನಿಂದ ನೋಡಬಹುದಂತೆ, ಹೌದಾ ಎಂದ. ಸೂಜಕ್ಕ, ನನಗೆ ಹೇಳಿದ ಹಾಗೆ, ವಸ್ತುಸಂಗ್ರಹಾಲಯಕ್ಕೆ ಬರೆದು ಕೇಳಿದ್ದೇನೆ, ಇನ್ನೂ ಉತ್ತರ ಬಂದಿಲ್ಲ ಎಂದಳು. ಕೇಳಿ ಎಷ್ಟು ದಿನವಾಯಿತು ಎಂದ. ವರ್ಷವಾಯಿತು ಎಂದಳು. ಅಲ್ಲಿಗೆ ಅವನ ದನಿ ಹಳೆಯ ದನಿಯಾಯಿತು: ‘ವರ್ಷದಿಂದ ಸುಮ್ನೆ ಕೂತಿದ್ದೀಯಾ? ನನಗೆ ಹೇಳೋಕೇನಾಗಿತ್ತು, ನಾನು ಹೋಗಿ ಬಾಗಿಲಲ್ಲಿ ಕೂರ್ತಿದ್ದೆ.’ ಯಂತ್ರ ನೊಗ ಎಂದರೆ ಏನು ಮಾಡುತ್ತೀ ಎಂದು ಅವಳು ಕೇಳಿದಳು. ಆಗ ನೋಡಿಕೊಳ್ಳೋಣ ಎಂದ. ಹಾಗೆ ನೋಡಿಕೊಳ್ಳುವುದಕ್ಕೆ ಆಗುವುದಿಲ್ಲ ಎಂದಳು. ಮಾತು ಏರಿ ನರ್ಸ್ ಎರಡು ಸಲ ಬಂದು ಗದರಿಸಿದಳು. ನಾನು ಎದ್ದು ಅವರಿಬ್ಬರಿಗೆ ಜಾಗ ಬಿಟ್ಟುಕೊಟ್ಟು, ಚಹಾ ತರಲು ಕೆಳಗೆ ಹೋದೆ.